ನಾಯಿಯ ಬುದ್ಧಿಗೆ ಸಾಕ್ಷಿ ಯಾವುದು?

ನಾಯಿಯನ್ನು ಸಾಕಿದ ಮನೆ ಯಾವುದಾದರೂ ಸರಿ, ಅಲ್ಲಿಗೆ ಹೋದ ಅತಿಥಿಯು ಅದರ ಜಾಣತನದ ಕಥೆಯೊಂದನ್ನು ಕೇಳದೆ ಹೊರಬರುವುದು ಅಪರೂಪ. ಯಜಮಾನನು ಬೀದಿಯ ತಿರುವಿಗೆ ಬರುವ ಮೊದಲೇ ಅದು ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಸ್ನಾನದ ಮಾತೆತ್ತಿದೊಡನೆ ಮಂಚದ ಕೆಳಗೆ ಅಡಗುತ್ತದೆ. ತಪ್ಪುಮಾಡಿದ ದಿನ ಕಿವಿ ಜೋತುಬಿಟ್ಟು ಮೂಲೆ ಸೇರುತ್ತದೆ. 'ಮಾತೊಂದು ಬಾರದು, ಉಳಿದುದೆಲ್ಲ ಮನುಷ್ಯರಂತೆಯೇ' ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಇಂಥ ಕಥೆಯನ್ನು ಕೇಳಿದ ವಿದ್ಯಾರ್ಥಿಗಳು ಎರಡು ಬಗೆಯವರು. ಒಬ್ಬನು ಎಲ್ಲವನ್ನೂ ನಂಬುತ್ತಾನೆ. ಇನ್ನೊಬ್ಬನು, ತಾನು ವಿಜ್ಞಾನವನ್ನು ಓದಿದವನೆಂಬ ಹೆಮ್ಮೆಯಿಂದ, 'ಇದೆಲ್ಲ ಬರಿಯ ಅಭ್ಯಾಸಬಲ, ಪ್ರಾಣಿಗೆ ಬುದ್ಧಿಯೆಲ್ಲಿಯದು?' ಎಂದು ತಳ್ಳಿಹಾಕುತ್ತಾನೆ. ಇವರಿಬ್ಬರೂ ಪರೀಕ್ಷೆಯ ಶ್ರಮವನ್ನು ತಪ್ಪಿಸಿಕೊಂಡವರೇ ಎಂಬುದು ನನ್ನ ಅಭಿಪ್ರಾಯ. ನಾಯಿಯು ನಾವು ಊಹಿಸಿದುದಕ್ಕಿಂತ ಬುದ್ಧಿವಂತ ಪ್ರಾಣಿಯೆಂಬುದು ಈಗ ತಕ್ಕಮಟ್ಟಿಗೆ ಸಿದ್ಧವಾಗಿದೆ. ಆದರೆ ಅದನ್ನು ಸಿದ್ಧಮಾಡಿದವರು ಕಥೆ ಹೇಳಿದವರಲ್ಲ, ಕಥೆಯನ್ನು ಸಂಶಯಿಸಿದವರು.

ನಾಯಿಯನ್ನು ಗೌರವಿಸುವುದು ನಮ್ಮ ನಾಡಿಗೆ ಹೊಸತಲ್ಲ. ತನ್ನೊಡನೆ ನಡೆದುಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಯನ್ನು ಎಲ್ಲರೂ ಬಲ್ಲರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. ೯೪೯-೫೦ರ ಶಾಸನವೊಂದು ಮಣಲೇರನೆಂಬ ವೀರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನೂ ಹೇಳುತ್ತದೆ. ಆದರೆ ಇವೆಲ್ಲ ನಿಷ್ಠೆಯ, ಧೈರ್ಯದ ಪ್ರಶಂಸೆಗಳು. ಬುದ್ಧಿಯ ಪ್ರಶ್ನೆಯು ಬೇರೆ. ಅದಕ್ಕೆ ಬೇಕಾದ ಸಾಕ್ಷ್ಯವೂ ಬೇರೆ.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡವರಲ್ಲಿ ಡಾರ್ವಿನ್ನನ ಕಿರಿಯ ಸ್ನೇಹಿತನಾದ ರೊಮೇನ್ಸನೊಬ್ಬನು. ೧೮೮೨ರಲ್ಲಿ ಪ್ರಕಟವಾದ ಪ್ರಾಣಿಗಳ ಬುದ್ಧಿಯನ್ನು ಕುರಿತ ತನ್ನ ಗ್ರಂಥದಲ್ಲಿ ಆತನು ನಾನಾ ಕಡೆಗಳಿಂದ ಬಂದ ವೃತ್ತಾಂತಗಳನ್ನು ಸಂಗ್ರಹಿಸಿದನು. ಆ ವೃತ್ತಾಂತಗಳನ್ನು ಕಳುಹಿಸಿದವರು ಸುಳ್ಳುಗಾರರಲ್ಲ. ಆದರೂ ಬ್ರಿಸ್ಟಲ್ಲಿನ ಅಧ್ಯಾಪಕನಾದ ಲಾಯ್ಡ್ ಮಾರ್ಗನ್ನನಿಗೆ ಆ ಬಗೆಯ ಸಾಕ್ಷ್ಯವು ಸಾಲದೆಂದು ತೋರಿತು. ಆತನ ಮನೆಯಲ್ಲಿ ಟೋನಿ ಎಂಬ ಟೆರಿಯರ್ ಜಾತಿಯ ನಾಯಿಯಿತ್ತು. ಅದು ಅಂಗಳದ ಕಂಬಿಯ ಬಾಗಿಲಿಗೆ ಹೋಗಿ, ತಲೆಯಿಂದ ಚಿಲಕವನ್ನೆತ್ತಿ, ಬಾಗಿಲು ತೆರೆದೊಡನೆ ಬೀದಿಗೆ ಓಡುತ್ತಿತ್ತು. ಇದನ್ನು ಆ ದಿನವೇ ಮೊದಲಾಗಿ ಕಂಡವನು ನಾಯಿಯು ಚಿಲಕದ ಯಂತ್ರವನ್ನು ಅರಿತುಕೊಂಡಿದೆಯೆಂದೇ ಹೇಳುತ್ತಿದ್ದನು. ಆದರೆ ಮಾರ್ಗನ್ನನು ಮೊದಲಿನಿಂದಲೂ ಕಿಟಕಿಯಿಂದ ಗಮನಿಸುತ್ತ ಬಂದಿದ್ದನು. ಬೀದಿಯನ್ನು ನೋಡುವ ಆತುರದಿಂದ ನಾಯಿಯು ಕಂಬಿಗಳ ನಡುವೆ ಅಲ್ಲಲ್ಲಿ ತಲೆಯಿಡುತ್ತಿತ್ತು. ಒಂದು ದಿನ ತಲೆಯು ಚಿಲಕದ ಅಡಿಗೆ ಸಿಕ್ಕಿ, ಅದು ಆಕಸ್ಮಿಕವಾಗಿ ಮೇಲೆದ್ದಿತು. ಅನಂತರ ತಪ್ಪುತ್ತ ಒಪ್ಪುತ್ತ, ನೇರವಾಗಿ ಚಿಲಕಕ್ಕೇ ಹೋಗುವುದನ್ನು ಕಲಿಯಲು ಅದಕ್ಕೆ ಸುಮಾರು ೩ ವಾರಗಳು ಹಿಡಿದುವು. ಕೆಳಗಿನ ಮಟ್ಟದ ಶಕ್ತಿಯಿಂದಲೇ ವಿವರಿಸಬಹುದಾದ ವರ್ತನೆಗೆ ಮೇಲಣ ಮಟ್ಟದ ಶಕ್ತಿಯನ್ನು ಆರೋಪಿಸಬಾರದೆಂಬ ನಿಯಮವನ್ನು ಮಾರ್ಗನ್ನನು ೧೮೯೪ರಲ್ಲಿ ವಿಧಿಸಿದನು. ಮೇಲಣ ಶಕ್ತಿಗೆ ಪ್ರತ್ಯೇಕವಾದ ಸಾಕ್ಷ್ಯವು ದೊರೆತಲ್ಲಿ ಅದನ್ನು ಒಪ್ಪಲು ಆತನಿಗೆ ಅಡ್ಡಿಯಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಕೊನೆಯ ಫಲವೊಂದನ್ನೇ ನೋಡಿ ತೀರ್ಮಾನಿಸಬೇಡ, ಅದು ಬಂದ ದಾರಿಯನ್ನು ನೋಡು ಎಂಬುದೇ ಈ ನಿಯಮದ ತಿರುಳು.

ಇದಕ್ಕಿಂತಲೂ ದೊಡ್ಡ ಪಾಠವನ್ನು ಕಲಿಸಿದುದು ನಾಯಿಯಲ್ಲ, ಒಂದು ಕುದುರೆ. ಬರ್ಲಿನ್ನಿನಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನು ಹಾನ್ಸ್ ಎಂಬ ತನ್ನ ಕುದುರೆಗೆ ಲೆಕ್ಕವನ್ನು ಕಲಿಸಿದ್ದನು. ಪ್ರಶ್ನೆ ಕೇಳಿದರೆ ಅದು ಗೊರಸಿನಿಂದ ನೆಲವನ್ನು ಕುಟ್ಟಿ, ಸರಿಯಾದ ಎಣಿಕೆಗೆ ನಿಲ್ಲುತ್ತಿತ್ತು. ೧೯೦೪ರಲ್ಲಿ ಪಂಡಿತರ ಮಂಡಲಿಯೊಂದು ಪರೀಕ್ಷಿಸಿ, ಇದರಲ್ಲಿ ಮೋಸವೇನೂ ಇಲ್ಲವೆಂದು ಹೇಳಿತು. ಮೋಸವು ನಿಜವಾಗಿಯೂ ಇರಲಿಲ್ಲ. ಆದರೆ ಫುಂಗ್‌ಸ್ಟ್ ಎಂಬ ತರುಣ ಸಂಶೋಧಕನು ಸರಳವಾದ ಒಂದು ಬದಲಾವಣೆಯನ್ನು ಮಾಡಿದನು: ಪ್ರಶ್ನೆ ಕೇಳುವವನಿಗೇ ಉತ್ತರವು ತಿಳಿಯದಂತೆ ಏರ್ಪಡಿಸಿದನು. ಆಗ ಕುದುರೆಯ ಗಣಿತವೆಲ್ಲ ಕರಗಿಹೋಯಿತು. ಪ್ರಶ್ನೆ ಕೇಳಿದವನು ಕುದುರೆಯ ಗೊರಸನ್ನು ನೋಡಲು ತನಗರಿಯದೆಯೇ ತುಸು ಬಾಗುತ್ತಿದ್ದನು. ಎಣಿಕೆಯು ಸರಿಯಾದ ಸಂಖ್ಯೆಯನ್ನು ಮುಟ್ಟಿದೊಡನೆ ಅವನ ತಲೆಯು ಕೂದಲೆಳೆಯಷ್ಟು ಮೇಲೆ ಚಲಿಸುತ್ತಿತ್ತು. ಅದನ್ನು ಕಂಡು ಕುದುರೆಯು ನಿಲ್ಲಿಸುತ್ತಿತ್ತು. ೧೯೦೭ರಲ್ಲಿ ಫುಂಗ್‌ಸ್ಟನು ಈ ಫಲವನ್ನು ಪ್ರಕಟಿಸಿದನು.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕೈ ಪಳಗಿಸಿಕೊಳ್ಳುತ್ತಿರುವ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ವಿಷಯವಲ್ಲ. ಒಂದು ಚಮಚದಷ್ಟು ಬಿಸಿನೀರಿನೊಳಗೆ ತಣ್ಣನೆಯ ಉಷ್ಣತಾಮಾಪಕವನ್ನು ಅದ್ದಿದರೆ, ಮಾಪಕವೇ ನೀರಿನ ಶಾಖವನ್ನು ಹೀರಿ ಅದನ್ನು ತಣಿಸುತ್ತದೆ. ನಾವು ಓದುವ ಅಂಕವು ನಾವು ಅಳೆಯಹೊರಟ ಉಷ್ಣತೆಯಲ್ಲ. ಅಳೆಯುವ ಸಾಧನವು ಅಳೆಯಲ್ಪಡುವ ವಸ್ತುವನ್ನು ಮುಟ್ಟಿದಲ್ಲೆಲ್ಲ ಈ ಅಪಾಯವುಂಟು. ಪ್ರಾಣಿಯ ಬುದ್ಧಿಯನ್ನು ಅಳೆಯುವಲ್ಲಿ ಪ್ರಶ್ನೆ ಕೇಳುವ ಮನುಷ್ಯನೇ ಉಪಕರಣದ ಒಂದು ಭಾಗ. ಅವನನ್ನು ಮರೆಮಾಡದೆ ಪಡೆದ ಫಲಕ್ಕೆ ಬೆಲೆಯಿಲ್ಲ.

ಈ ಕಟ್ಟುನಿಟ್ಟಿನಿಂದ ನಾಯಿಯ ಕೀರ್ತಿಗೆ ಕುಂದು ಬಂದಿತೇ? ಬರಲಿಲ್ಲ. ಭೌತವಿಜ್ಞಾನಿಯಾದ ಮ್ಯಾಕ್ಸ್ ಪ್ಲಾಂಕನ ಹೆಸರನ್ನು ಹೊತ್ತಿರುವ ಜರ್ಮನಿಯ ಸಂಸ್ಥೆಯೊಂದು ಲೈಪ್‌ಜಿಗ್ ನಗರದಲ್ಲಿದೆ. ಅಲ್ಲಿಯ ಕಾಮಿನ್‌ಸ್ಕಿ, ಕಾಲ್ ಮತ್ತು ಫಿಷರ್ ಎಂಬವರು ರಿಕೊ ಎಂಬ ಸಾಕುನಾಯಿಯನ್ನು ಪರೀಕ್ಷಿಸಿದ ವರದಿಯು ೨೦೦೪ರಲ್ಲಿ ಪ್ರಕಟವಾಯಿತು. ಕುರಿಕಾಯುವ ಬಾರ್ಡರ್ ಕಾಲಿ ಜಾತಿಗೆ ಸೇರಿದ ರಿಕೊ ೨೦೦ ವಸ್ತುಗಳ ಹೆಸರನ್ನು ಬಲ್ಲುದೆಂದು ಅದನ್ನು ಸಾಕಿದವರು ಹೇಳುತ್ತಿದ್ದರು. ಹಾನ್ಸನ ಪಾಠವನ್ನು ಮರೆಯದ ಪರೀಕ್ಷಕರು ವಸ್ತುಗಳನ್ನು ಹತ್ತುಹತ್ತರಂತೆ ಬೇರೊಂದು ಕೋಣೆಯಲ್ಲಿಟ್ಟರು. ಹೆಸರು ಹೇಳುವವರಿಗೆ ನಾಯಿಯು ಆರಿಸುವುದು ಕಾಣುತ್ತಿರಲಿಲ್ಲ. ಆರಿಸುವ ನಾಯಿಗೆ ಅವರ ಮುಖವು ಕಾಣುತ್ತಿರಲಿಲ್ಲ. ಹೀಗಿದ್ದರೂ ೪೦ ಸಾರಿ ಕೇಳಿದುದರಲ್ಲಿ ೩೭ ಸಾರಿ ರಿಕೊ ಸರಿಯಾದ ವಸ್ತುವನ್ನು ತಂದಿತು. ಮುಂದಿನ ಫಲವು ಇನ್ನೂ ಸೋಜಿಗದ್ದು. ಪರಿಚಿತವಾದ ೭ ವಸ್ತುಗಳ ನಡುವೆ ಹೊಸದೊಂದನ್ನು ಇಟ್ಟು, ಅದುವರೆಗೆ ಕೇಳದ ಹೆಸರೊಂದನ್ನು ಹೇಳಿದಾಗ, ೧೦ರಲ್ಲಿ ೭ ಸಾರಿ ಅದು ಹೊಸ ವಸ್ತುವನ್ನೇ ಎತ್ತಿತಂದಿತು. ಉಳಿದವುಗಳಿಗೆ ಹೆಸರಿದೆ, ಆದುದರಿಂದ ಈ ಹೊಸ ಹೆಸರು ಹೊಸ ವಸ್ತುವಿನದೇ ಇರಬೇಕೆಂಬ ರೀತಿಯಲ್ಲಿ ಅದು ನಡೆದುಕೊಂಡಿತು. ಮಕ್ಕಳು ಮಾತು ಕಲಿಯುವಾಗ ಹಿಡಿಯುವ ದಾರಿಯೂ ಇಂಥದೇ.

ಇಲ್ಲಿಗೂ ಸಂಶಯವು ಸುಮ್ಮನಾಗಲಿಲ್ಲ. ರಿಕೊ ಒಂದು ಶಬ್ದವನ್ನು ವಸ್ತುವಿನ ಹೆಸರೆಂದು ತಿಳಿದಿತ್ತೋ, ಅಥವಾ 'ಅದನ್ನು ತಾ' ಎಂಬ ಇಡೀ ಆಜ್ಞೆಯೆಂದು ತಿಳಿದಿತ್ತೋ ಎಂದು ಕೆಲವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಇದಕ್ಕೆ ಉತ್ತರವು ಅಮೆರಿಕದ ದಕ್ಷಿಣ ಕ್ಯಾರೊಲೈನಾದಿಂದ ಬಂದಿತು. ಜಾನ್ ಪಿಲ್ಲೆ ಎಂಬ ನಿವೃತ್ತ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಚೇಸರ್ ಎಂಬ, ಅದೇ ಜಾತಿಯ ತಮ್ಮ ನಾಯಿಗೆ ದಿನಕ್ಕೆ ೪-೫ ಗಂಟೆಗಳಂತೆ ೩ ವರ್ಷ ಪಾಠ ಹೇಳಿ, ೧,೦೨೨ ಆಟಿಕೆಗಳ ಹೆಸರನ್ನು ಕಲಿಸಿದರು. ಬಳಿಕ ಬೇರೆ ಬೇರೆ ಹೆಸರುಗಳೊಡನೆ ಬೇರೆ ಬೇರೆ ಕ್ರಿಯೆಗಳನ್ನು ಜೋಡಿಸಿ ಕೇಳಿದರು: ಇದನ್ನು ಬಾಯಲ್ಲಿ ಹಿಡಿ, ಅದನ್ನು ಕಾಲಿನಿಂದ ಮುಟ್ಟು, ಮತ್ತೊಂದನ್ನು ಮೂಗಿನಿಂದ ಮುಟ್ಟು. ಚೇಸರ್ ಹೆಸರನ್ನೂ ಕ್ರಿಯೆಯನ್ನೂ ಬೇರ್ಪಡಿಸಿ ತಿಳಿಯುತ್ತಿತ್ತು. ಪಿಲ್ಲೆ ಮತ್ತು ಅವರ ಸಹೋದ್ಯೋಗಿ ರೀಡ್ ಇದನ್ನು ೨೦೧೧ರಲ್ಲಿ ಪ್ರಕಟಿಸಿದರು. ಸಂಶಯಿಸಿದವರು ಇಲ್ಲದಿದ್ದರೆ ಈ ಪ್ರಯೋಗಕ್ಕೆ ಕಾರಣವೇ ಇರುತ್ತಿರಲಿಲ್ಲ.

ಹಾಗಾದರೆ ನಮ್ಮ ನಿಮ್ಮ ಮನೆಯ ನಾಯಿಯೂ ಸಾವಿರ ಹೆಸರುಗಳನ್ನು ಕಲಿಯಬಲ್ಲುದೇ? ಬಹುಶಃ ಇಲ್ಲ. ಬುಡಾಪೆಸ್ಟಿನ ವಿಶ್ವವಿದ್ಯಾನಿಲಯದ ಸಂಶೋಧಕರು ಸಾಮಾನ್ಯ ಸಾಕುನಾಯಿಗಳಿಗೆ ಎರಡೇ ಎರಡು ಆಟಿಕೆಗಳ ಹೆಸರನ್ನು ೩ ತಿಂಗಳ ಕಾಲ ಕಲಿಸಿ ನೋಡಿದರು. ಅವುಗಳಲ್ಲಿ ಬಹುಪಾಲು ಕಲಿಯಲಿಲ್ಲವೆಂದು ೨೦೨೧ರಲ್ಲಿ ವರದಿಮಾಡಿದರು. ರಿಕೊ, ಚೇಸರ್ ಮೊದಲಾದುವು ತಮ್ಮ ಕುಲದಲ್ಲಿ ಅಸಾಧಾರಣವಾದವು. ಮನುಷ್ಯರೆಲ್ಲರೂ ಗಣಿತದಲ್ಲಿ ರಾಮಾನುಜನ್ನರಲ್ಲವಷ್ಟೆ.

ಸಾಧಾರಣವಾದ ನಾಯಿಯ ಬುದ್ಧಿಯು ಬೇರೊಂದು ಕಡೆ ಅಡಗಿದೆ. ಬಚ್ಚಿಟ್ಟ ಆಹಾರದ ಕಡೆಗೆ ಮನುಷ್ಯನು ಬೆರಳು ತೋರಿದರೆ ನಾಯಿಯು ಅತ್ತ ಹೋಗುತ್ತದೆ. ಇದರಲ್ಲೇನು ವಿಶೇಷವೆಂದು ನೀವು ಕೇಳಬಹುದು. ವಿಶೇಷವುಂಟು. ವಂಶದಲ್ಲಿ ನಮಗೆ ಅತಿ ಸಮೀಪದ ಚಿಂಪಾಂಜಿಯು ಇದರಲ್ಲಿ ನಾಯಿಗಿಂತ ಹಿಂದೆ ಬಿದ್ದಿತೆಂದು ಬ್ರಯನ್ ಹೇರ್ ಮತ್ತು ಸಂಗಡಿಗರು ೨೦೦೨ರಲ್ಲಿ ತೋರಿಸಿದರು. ನಾಯಿಯ ಮೂಲಪುರುಷನಾದ ತೋಳದ ವಿಷಯವೂ ಸ್ವಾರಸ್ಯವಾದುದು. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳಿಗೂ ನಾಯಿಗಳಿಗೂ ಬಿಡಿಸಲಾಗದ ತೊಡಕೊಂದನ್ನು ಒಡ್ಡಿದಾಗ, ತೋಳಗಳು ತೊಡಕಿನೊಡನೆಯೇ ಹೆಣಗಿದುವು. ನಾಯಿಗಳಾದರೋ ಬೇಗನೆ ತಿರುಗಿ ಮನುಷ್ಯನ ಮುಖವನ್ನು ನೋಡಿದುವು. ಇದು ಹಂಗೆರಿಯ ಮಿಕ್ಲೋಶಿ ಮತ್ತು ಸಂಗಡಿಗರು ೨೦೦೩ರಲ್ಲಿ ಕಂಡುದು. ಚೆನ್ನಾಗಿ ಪಳಗಿದ ತೋಳಗಳೂ ಬೆರಳಿನ ಸನ್ನೆಯನ್ನು ಹಿಡಿಯಬಲ್ಲುವೆಂದು ೨೦೦೮ರಲ್ಲಿ ಬೇರೆ ಕೆಲವರು ತೋರಿಸಿದುದರಿಂದ, ಈ ಗುಣದಲ್ಲಿ ಹುಟ್ಟಿನ ಪಾಲೆಷ್ಟು, ಸಹವಾಸದ ಪಾಲೆಷ್ಟು ಎಂಬ ವಾದವು ಬೆಳೆಯಿತು. ೮ ವಾರದ ೩೭೫ ಮರಿಗಳನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು, ಸನ್ನೆಯನ್ನು ಹಿಡಿಯುವುದರಲ್ಲಿ ಮರಿಮರಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ೪೦ಕ್ಕೂ ಹೆಚ್ಚು ಪಾಲು ವಂಶಾನುಗತವೆಂದು ೨೦೨೧ರಲ್ಲಿ ಲೆಕ್ಕಹಾಕಿದರು.

ನಮ್ಮ ದೇಶದ ಬೀದಿನಾಯಿಯೂ ಈ ವಾದದಲ್ಲಿ ಸಾಕ್ಷಿಯಾಗಿ ನಿಂತಿದೆ. ಯಾರೂ ಸಾಕದ, ಯಾರೂ ಕಲಿಸದ ಬೀದಿನಾಯಿಗಳನ್ನು ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರಾ ಮತ್ತು ಅವರ ಸಂಗಡಿಗರು ಹಲವು ಊರುಗಳಲ್ಲಿ ಪರೀಕ್ಷಿಸಿದರು. ೧೬೦ ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಹತ್ತಿರಕ್ಕೇ ಬರಲಿಲ್ಲ. ಮನುಷ್ಯನಿಂದ ಕಲ್ಲೇಟನ್ನು ಕಂಡ ಪ್ರಾಣಿಯು ಅಂಜಿದುದರಲ್ಲಿ ಆಶ್ಚರ್ಯವೇನು? ಆದರೆ ಹತ್ತಿರ ಬಂದವುಗಳಲ್ಲಿ ನೂರಕ್ಕೆ ಸುಮಾರು ೮೦ ನಾಯಿಗಳು ದೂರದಿಂದ ತೋರಿದ ಬೆರಳನ್ನು ಅನುಸರಿಸಿ ಸರಿಯಾದ ಬಟ್ಟಲಿಗೆ ಹೋದುವೆಂದು ೨೦೨೦ರ ಅವರ ವರದಿ ಹೇಳುತ್ತದೆ. ದುಬಾರಿ ಬೆಲೆಯ ವಿದೇಶೀ ತಳಿಗೆ ಮಾತ್ರ ಬುದ್ಧಿಯುಂಟೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಈಗ ಹಾನ್ಸನ ಕಡೆಗೆ ಒಮ್ಮೆ ಹಿಂದಿರುಗಿ ನೋಡೋಣ. ಮನುಷ್ಯನ ತಲೆಯ ಕೂದಲೆಳೆಯಷ್ಟು ಚಲನೆಯನ್ನು ಕುದುರೆಯು ಕಂಡುಹಿಡಿದುದು ಗಣಿತದ ಪರೀಕ್ಷೆಯಲ್ಲಿ ದೋಷವೇ ಸರಿ. ಆದರೆ ಆ ಸೂಕ್ಷ್ಮದೃಷ್ಟಿಯೇ ಒಂದು ಶಕ್ತಿಯಲ್ಲವೇ? ಒಂದು ಪ್ರಯೋಗದಲ್ಲಿ ದೋಷವೆಂದು ಹೊರದೂಡಿದುದು ಮತ್ತೊಂದು ಪ್ರಯೋಗದಲ್ಲಿ ಅಧ್ಯಯನದ ವಸ್ತುವಾಗುವುದು ವಿಜ್ಞಾನದಲ್ಲಿ ಹೊಸತಲ್ಲ. ನಾಯಿಯ ಬುದ್ಧಿಯ ನಿಜವಾದ ಕ್ಷೇತ್ರವು ಲೆಕ್ಕವೂ ಅಲ್ಲ, ಚಿಲಕವೂ ಅಲ್ಲ. ಮನುಷ್ಯನೇ ಅದರ ಕ್ಷೇತ್ರ. ಸಾವಿರಾರು ವರ್ಷಗಳಿಂದ ನಮ್ಮ ಒಲೆಯ ಬಳಿ ಮಲಗಿ ಅದು ನಮ್ಮನ್ನು ಓದುತ್ತ ಬಂದಿದೆ. ಮಾತಿನ ಅರ್ಥವನ್ನೂ ಅದು ಒಂದು ಮಟ್ಟಿಗೆ ತೂಗಿ ನೋಡುತ್ತದೆ. ಕಾಂತಕ್ಷೇತ್ರದ ನೆರವಿನಿಂದ ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಯಂತ್ರದೊಳಗೆ ಅಲುಗದೆ ಮಲಗುವುದನ್ನು ೧೩ ನಾಯಿಗಳಿಗೆ ಕಲಿಸಿ, ಆಂಡಿಚ್ ಎಂಬ ಬುಡಾಪೆಸ್ಟಿನ ವಿಜ್ಞಾನಿ ಮತ್ತು ಸಂಗಡಿಗರು ೨೦೧೬ರಲ್ಲಿ ಒಂದು ಫಲವನ್ನು ಪ್ರಕಟಿಸಿದರು. ಹೊಗಳಿಕೆಯ ಮಾತನ್ನು ಹೊಗಳಿಕೆಯ ದನಿಯಲ್ಲಿ ಹೇಳಿದಾಗ ಮಾತ್ರ ನಾಯಿಯ ಮಿದುಳಿನಲ್ಲಿ ಸಂತೋಷಕ್ಕೆ ಸಂಬಂಧಪಟ್ಟ ಭಾಗವು ಎಚ್ಚೆತ್ತಿತು. ಅರ್ಥವಿಲ್ಲದ ಮಾತನ್ನು ಮುದ್ದಿನ ದನಿಯಲ್ಲಿ ಹೇಳಿದಾಗ ಹಾಗಾಗಲಿಲ್ಲ.

ಇಷ್ಟು ಚೆನ್ನಾಗಿ ನಮ್ಮನ್ನು ಓದುವ ಪ್ರಾಣಿಯನ್ನು ನಾವು ಎಷ್ಟು ಚೆನ್ನಾಗಿ ಓದುತ್ತೇವೆ? ಇಲ್ಲಿಯೇ ನಮ್ಮ ಕಥೆಗಳು ಅಪಾಯಕಾರಿಯಾಗುತ್ತವೆ. 'ತಪ್ಪುಮಾಡಿದರೆ ಅದರ ಮುಖವೇ ಹೇಳುತ್ತದೆ' ಎಂಬುದು ಸಾಕಿದವರೆಲ್ಲರ ನಂಬಿಕೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬಾಕೆ ೧೪ ನಾಯಿಗಳೊಡನೆ ಇದನ್ನು ಪರೀಕ್ಷಿಸಿ ೨೦೦೯ರಲ್ಲಿ ಫಲವನ್ನು ಪ್ರಕಟಿಸಿದರು. ತಿಂಡಿಯನ್ನು ಮುಟ್ಟಬಾರದೆಂದು ನಾಯಿಗೆ ಹೇಳಿ ಯಜಮಾನನು ಹೊರಗೆ ಹೋಗುವನು. ಕೆಲವು ಸಾರಿ ನಾಯಿಯು ತಿಂಡಿಯನ್ನು ತಿಂದಿರುವುದು. ಕೆಲವು ಸಾರಿ ಪರೀಕ್ಷಕಿಯೇ ಅದನ್ನು ತೆಗೆದಿರುವಳು. ಯಜಮಾನನಿಗೆ ಮಾತ್ರ ಕೆಲವೊಮ್ಮೆ ನಿಜವನ್ನು, ಕೆಲವೊಮ್ಮೆ ಸುಳ್ಳನ್ನು ಹೇಳಲಾಗುವುದು. ಆ 'ಅಪರಾಧಿಯ ಮುಖ'ವು ನಾಯಿಯು ತಪ್ಪುಮಾಡಿದ್ದುದನ್ನು ಅವಲಂಬಿಸಲಿಲ್ಲ; ಯಜಮಾನನು ಗದರಿದುದನ್ನು ಅವಲಂಬಿಸಿತು. ಏನನ್ನೂ ತಿನ್ನದೆ ಬೈಗುಳ ತಿಂದ ನಾಯಿಗಳಲ್ಲಿ ಅದು ಹೆಚ್ಚಾಗಿಯೇ ಕಂಡಿತು. ಎಂದರೆ, ಆ ಮುಖವು ತಪ್ಪೊಪ್ಪಿಗೆಯಲ್ಲ. ನಮ್ಮ ಕೋಪವನ್ನು ಓದಿದುದರ ಫಲ. ಅದನ್ನು ತಪ್ಪೊಪ್ಪಿಗೆಯೆಂದು ಬಗೆದು ಕೋಲೆತ್ತುವವನು ನಿರಪರಾಧಿಗೆ ಶಿಕ್ಷೆ ವಿಧಿಸಿ, ಅದರ ಅಂಜಿಕೆಯನ್ನೇ ಸಾಕ್ಷಿಯಾಗಿ ಬರೆದುಕೊಳ್ಳುವ ನ್ಯಾಯಾಧೀಶನಂತಾಗುತ್ತಾನೆ. ಮಾತು ಬಾರದ ಪ್ರಾಣಿಗೆ ಮೇಲ್ಮನವಿಯೂ ಇಲ್ಲ. ನಾಯಿಗೆ ಮನುಷ್ಯನ ಬುದ್ಧಿಯನ್ನು ಆರೋಪಿಸುವುದು ಪ್ರೀತಿಯ ಲಕ್ಷಣವೆಂದು ತೋರಿದರೂ, ಅದರ ಬೆಲೆಯನ್ನು ನಾಯಿಯೇ ತೆರಬೇಕಾಗಬಹುದು.

'ಪ್ರೀತಿಯಿದ್ದಲ್ಲಿ ಪರೀಕ್ಷೆಯೇಕೆ?' ಎಂದು ಕೇಳುವವರುಂಟು. ಪ್ರೀತಿಸುವ ಪ್ರಾಣಿಯನ್ನು ಸರಿಯಾಗಿ ತಿಳಿಯುವುದೂ ಪ್ರೀತಿಯ ಭಾಗವೇ ಎಂದು ಅವರಿಗೆ ನನ್ನ ಉತ್ತರ. ಎಲ್ಲವೂ ಅಭ್ಯಾಸಬಲವೆನ್ನುವವರಿಗೂ ಒಂದು ಮಾತು: ಗಂಟೆಯ ಸದ್ದಿಗೆ ಜೊಲ್ಲು ಸುರಿಸುವುದು ಅಭ್ಯಾಸವಾಗಬಹುದು, ಅದುವರೆಗೆ ಕೇಳದ ಹೆಸರಿಗೆ ಅದುವರೆಗೆ ಕಾಣದ ವಸ್ತುವನ್ನು ಆರಿಸುವುದಕ್ಕೆ ಅಭ್ಯಾಸವೆಲ್ಲಿತ್ತು? ಅತಿಯಾದ ನಂಬಿಕೆಯಂತೆ ಅತಿಯಾದ ನಿರಾಕರಣೆಯೂ ಸಾಕ್ಷ್ಯವನ್ನು ನೋಡಲೊಲ್ಲದು.

ತರುಣ ವಾಚಕರು ಈ ಮಾತನ್ನು ತಾವೇ ಪರೀಕ್ಷಿಸಬಹುದು. ಹಿರಿಯರ ಒಪ್ಪಿಗೆ ಪಡೆದು, ನಿಮ್ಮ ಮನೆಯ ನಾಯಿಯೊಡನೆಯೇ ಮಾಡಿ. ಬೀದಿಯ ನಾಯಿಯೊಡನೆ ಬೇಡ. ಒಂದೇ ಬಗೆಯ ಎರಡು ಬಟ್ಟಲುಗಳ ಒಳಗೆ ರೊಟ್ಟಿಯನ್ನು ಉಜ್ಜಿ, ಎರಡಕ್ಕೂ ವಾಸನೆ ಹಿಡಿಸಿರಿ. ಬಲವೋ ಎಡವೋ ಎಂಬುದನ್ನು ನಾಣ್ಯವನ್ನು ಚಿಮ್ಮಿ ನಿರ್ಧರಿಸಿ, ನಾಯಿಗೆ ಕಾಣದಂತೆ ಒಂದರ ಅಡಿಯಲ್ಲಿ ರೊಟ್ಟಿಯ ತುಣುಕನ್ನಿಡಿ. ಬಟ್ಟಲುಗಳ ನಡುವೆ ಒಂದೂವರೆ ಮೀಟರ್ ಅಂತರವಿರಲಿ. ಒಬ್ಬನು ಮಧ್ಯದಲ್ಲಿ ನಿಂತು ಸರಿಯಾದ ಬಟ್ಟಲಿನತ್ತ ಬೆರಳು ತೋರಲಿ. ನಾಯಿಯನ್ನು ಹಿಡಿದವನಿಗೆ ರೊಟ್ಟಿಯಿರುವ ಕಡೆ ತಿಳಿದಿರಬಾರದು, ಅವನು ಕಣ್ಣು ಮುಚ್ಚಿ ಅದನ್ನು ಬಿಡಲಿ. ನಾಯಿಗೆ ಬೇಸರವಾಗದಂತೆ ಕೆಲವು ದಿನಗಳಲ್ಲಿ ೨೦ ಸಾರಿ ಮಾಡಿ, ತಪ್ಪೊಪ್ಪುಗಳೆರಡನ್ನೂ ಬರೆದಿಡಿ. ಬರಿಯ ಆಕಸ್ಮಿಕದಿಂದ ೨೦ರಲ್ಲಿ ೧೫ ಅಥವಾ ಹೆಚ್ಚು ಸರಿಯಾಗುವ ಸಂಭವವು ನೂರಕ್ಕೆ ಸುಮಾರು ೨ ಮಾತ್ರ. ಇನ್ನೂ ೨೦ ಸಾರಿ, ರೊಟ್ಟಿಯಿರುವ ಕಡೆಯನ್ನು ಅರಿಯದವನೊಬ್ಬನನ್ನು ಕೈಕಟ್ಟಿ ನಿಲ್ಲಿಸಿ ನೋಡಿರಿ. ಆಗಲೂ ನಾಯಿಯು ಗೆದ್ದರೆ, ಗೆದ್ದುದು ಅದರ ಮೂಗು; ಬೆರಳನ್ನು ಓದಿದ ಬುದ್ಧಿಯಲ್ಲ.

ಫಲವು ಹೇಗೆ ಬಂದರೂ ಹಾಗೆಯೇ ಬರೆಯಿರಿ. ನಿಮ್ಮ ನಾಯಿಯು ಸೋತರೆ ಅದರ ಮೇಲಿನ ಅಕ್ಕರೆಯನ್ನು ಕಡಮೆಮಾಡಬೇಕಾಗಿಲ್ಲ. ಗೆದ್ದರೆ ಅದನ್ನು ಮನುಷ್ಯನನ್ನಾಗಿ ಮಾಡಬೇಕಾಗಿಯೂ ಇಲ್ಲ. ಅದು ನಾಯಿಯಾಗಿಯೇ ನಮ್ಮ ಬೆರಗಿಗೆ ಅರ್ಹವಾಗಿದೆ. ಆ ಬೆರಗು ಕಥೆಯ ಮೇಲೆ ನಿಲ್ಲದೆ ಪರೀಕ್ಷೆಯ ಮೇಲೆ ನಿಲ್ಲಲಿ.